ಗೋದಲಿಯೊಳಗೆ ಯಾರಿಗೆ ಜಾಗ

2025ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಇನ್ನೂ ದಿನಗಳಿರುವಾಗಲೇ, ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಕಳುಹಿಸಿದವನು ಬಾಸ್ಟನ್ ಕಡೆ ಕೆಲಸದಲ್ಲಿರುವ ಚಿಕ್ಕಮ್ಮನ ಮಗ. ಅವನ ಮನೆಗೆ ಹೆಚ್ಚು ದೂರವಲ್ಲದ ಡೆಡಮ್ ಎಂಬ ಊರಿನ ಸೇಂಟ್ ಸುಸಾನಾ ಕ್ಯಾಥೊಲಿಕ್ ಚರ್ಚಿನ ಹೊರಗೆ ಇಟ್ಟಿದ್ದ ಗೋದಲಿ, ಅಂದರೆ ಯೇಸು ಹುಟ್ಟಿದ ದೃಶ್ಯದ ಗೊಂಬೆಗಳ ಮಾದರಿ, ಅದು. ಮಾತೆ ಮರಿಯಮ್ಮ, ಜೋಸೆಫ್, ಬಾಲ ಯೇಸು ಇರಬೇಕಾದ ಜಾಗ ಖಾಲಿ. ಅಲ್ಲಿ ಒಂದು ಫಲಕ ನಿಲ್ಲಿಸಿದ್ದರು: ‘ಐಸ್ ಇಲ್ಲಿಗೆ ಬಂದಿತ್ತು’. ಐಸ್ ಎಂದರೆ ವಲಸೆ ಕಾನೂನನ್ನು ಜಾರಿಗೊಳಿಸುವ ಅಮೆರಿಕದ ಕೇಂದ್ರ ಸಂಸ್ಥೆ. ದಾಖಲೆಗಳಿಲ್ಲದವರನ್ನು ಕೆಲಸದ ಜಾಗದಿಂದ, ಬೀದಿಯಿಂದ, ನ್ಯಾಯಾಲಯದ ಪಡಸಾಲೆಯಿಂದ ಹಿಡಿದೊಯ್ಯುತ್ತ ಆ ವರ್ಷವಿಡೀ ಸುದ್ದಿಯಲ್ಲಿದ್ದ ಸಂಸ್ಥೆ. ಫೋಟೊ ಬಂದ ಅರ್ಧ ಗಂಟೆಯಲ್ಲಿ ದೊಡ್ಡಪ್ಪ ಉತ್ತರ ಬರೆದರು. ಮಗುವೇ ಇಲ್ಲದ್ದನ್ನು ಗೋದಲಿ ಎಂದು ಕರೆಯಲು ತಮಗೆ ಮನಸ್ಸು ಬರುವುದಿಲ್ಲ, ಸಂಪ್ರದಾಯದಲ್ಲಿ ಹೀಗೆ ಯಾವತ್ತೂ ಇರಲಿಲ್ಲ, ಹಬ್ಬದ ಹೊತ್ತಿನಲ್ಲಿ ದೇವರ ಮನೆಯ ಬಾಗಿಲಿಗೆ ರಾಜಕೀಯ ತಂದು ಕಟ್ಟಬಾರದು ಎಂದರು. ದುಬೈಯಲ್ಲಿರುವ ಅಣ್ಣಂದಿರಲ್ಲಿ ಒಬ್ಬ ಅವರ ಪರ ನಿಂತ, ಇನ್ನೊಬ್ಬ ವಿರುದ್ಧ. ರಾತ್ರಿಯಾಗುವಷ್ಟರಲ್ಲಿ ಮಾತು ಗೋದಲಿಯನ್ನು ಬಿಟ್ಟು ಯಾರು ಯಾವ ದೇಶಕ್ಕೆ ಹೇಗೆ ಹೋದರು ಎಂಬಲ್ಲಿಗೆ ಬಂದು ನಿಂತಿತ್ತು.

ಇದು ನಮ್ಮ ಮನೆಯ ಜಗಳ ಮಾತ್ರವಲ್ಲ. ಆ ಚರ್ಚಿನ ಮೇಲಿನ ಆಡಳಿತವಾದ ಬಾಸ್ಟನ್ ಮಹಾಧರ್ಮಪ್ರಾಂತ್ಯ ಕೂಡ ಹೆಚ್ಚು ಕಡಿಮೆ ದೊಡ್ಡಪ್ಪನ ಮಾತನ್ನೇ ಆಡಿತು. ಚರ್ಚಿಗೆ ಬರುವ ಜನ ಪ್ರಾರ್ಥನೆಗೆ ಅವಕಾಶ ಸಿಗಬೇಕೆಂದು ನಿರೀಕ್ಷಿಸುತ್ತಾರೆ, ಒಡಕು ಹುಟ್ಟಿಸುವ ರಾಜಕೀಯ ಸಂದೇಶವನ್ನಲ್ಲ, ಆದ್ದರಿಂದ ಆ ಪ್ರದರ್ಶನವನ್ನು ತೆಗೆದು ಗೋದಲಿಯನ್ನು ಅದರ ಸರಿಯಾದ ಪವಿತ್ರ ಉದ್ದೇಶಕ್ಕೆ ಮರಳಿಸಬೇಕು ಎಂದು ಹೇಳಿತು. ಅಲ್ಲಿನ ಧರ್ಮಗುರು ಸ್ಟೀಫನ್ ಜೊಸೋಮಾ ತಕ್ಷಣ ಒಪ್ಪಲಿಲ್ಲ. ಆರ್ಚ್‌ಬಿಷಪ್ ಜೊತೆ ಮಾತನಾಡಿದ ಮೇಲೆ ತೀರ್ಮಾನ ಎಂದರು. ಇದೇ ಚರ್ಚು 2018ರಲ್ಲಿ ಬಾಲ ಯೇಸುವನ್ನು ಬೋನಿನೊಳಗೆ ಮಲಗಿಸಿ, ಮೂವರು ಜ್ಞಾನಿಗಳನ್ನು ಗೋಡೆಯ ಆಚೆ ನಿಲ್ಲಿಸಿ ದೇಶದಾದ್ಯಂತ ಸುದ್ದಿಯಾಗಿತ್ತು.

ನಾನು ಆ ದಿನ ಗುಂಪಿನಲ್ಲಿ ಏನೂ ಬರೆಯಲಿಲ್ಲ. ದೊಡ್ಡಪ್ಪ ನಮ್ಮ ಊರಿನ ಚರ್ಚಿನಲ್ಲಿ ವರ್ಷಾನುಗಟ್ಟಲೆ ಗಾಯನ ಮಂಡಳಿ ನಡೆಸಿದವರು. ದೊಡ್ಡಮ್ಮ ತೀರಿಕೊಂಡ ವರ್ಷದ ಕ್ರಿಸ್‌ಮಸ್ ರಾತ್ರಿ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಮುಗಿದು ಎಲ್ಲರೂ ಹೊರಟ ಮೇಲೂ ಗೋದಲಿಯ ಮುಂದೆ ಮಂಡಿಯೂರಿ ಕುಳಿತೇ ಇದ್ದವರು. ಅವರಿಗೆ ಆ ಹುಲ್ಲಿನ ಗುಡಿಸಲು, ಆ ಮಗು ಯಾಕೆ ಬೇಕು ಎಂದು ನನಗೆ ಗೊತ್ತು. ಹಾಗಾಗಿ ಅವರ ಸಿಟ್ಟನ್ನು ಹಳಬರ ಹಟ ಎಂದು ಬದಿಗಿಡಲು ಆಗಲಿಲ್ಲ. ಅದೇ ಹೊತ್ತಿಗೆ ಅವರು ಹೇಳಿದ ‘ಸಂಪ್ರದಾಯ’ ಎಂಬ ಕಾರಣವನ್ನು ಒಪ್ಪಲೂ ಆಗಲಿಲ್ಲ. ಆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸುತ್ತ ಹೋದದ್ದರ ಫಲ ಈ ಬರಹ.

ಮೊದಲ ಗೋದಲಿ

ಗೋದಲಿ ಕಟ್ಟುವ ಪರಿಪಾಠ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ಕಡೆ ಧರ್ಮೋಪದೇಶ ತರಗತಿಯ ಮಕ್ಕಳೂ ಸಂತ ಫ್ರಾನ್ಸಿಸರ ಹೆಸರು ಹೇಳುತ್ತಾರೆ. 1223ರ ಕ್ರಿಸ್‌ಮಸ್, ಇಟಲಿಯ ರಿಯೆತಿ ಸಮೀಪದ ಗ್ರೆಚ್ಚೊ ಎಂಬ ಗುಡ್ಡದ ಹಳ್ಳಿ. ಅದನ್ನು ಐದಾರು ವರ್ಷಗಳಲ್ಲೇ ಬರೆದಿಟ್ಟವರು ಫ್ರಾನ್ಸಿಸರ ಮೊದಲ ಜೀವನಚರಿತ್ರೆಕಾರರಾದ ಚೆಲಾನೊದ ಥಾಮಸ್. ಫ್ರಾನ್ಸಿಸರು ಎರಡು ವಾರ ಮೊದಲೇ ಜೊವಾನಿ ಎಂಬ ಸ್ಥಳೀಯ ಗೃಹಸ್ಥನನ್ನು ಕರೆದು ಸಿದ್ಧತೆಗೆ ಹೇಳುತ್ತಾರೆ. ಬೆತ್ಲೆಹೇಮಿನಲ್ಲಿ ಹುಟ್ಟಿದ ಕೂಸಿಗೆ ಏನೇನು ಇಲ್ಲವಾಗಿತ್ತು, ಅದು ಹುಲ್ಲಿನ ಮೇಲೆ ಹೇಗೆ ಮಲಗಿತ್ತು, ಆ ಕಷ್ಟವನ್ನು ತಮ್ಮ ಈ ಕಣ್ಣುಗಳಿಂದಲೇ ನೋಡಬೇಕು ಎಂಬುದು ಅವರ ಆಸೆ. ಬೇಕಾದ ಸಾಮಗ್ರಿ ಇಷ್ಟೇ: ಒಂದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ.

ಗಮನಿಸಬೇಕಾದದ್ದು ಇಲ್ಲಿದೆ. ಥಾಮಸರ ಬರಹದಲ್ಲಿ ಮರಿಯಮ್ಮನ ಪ್ರತಿಮೆ ಇಲ್ಲ, ಜೋಸೆಫರ ಪ್ರತಿಮೆ ಇಲ್ಲ, ಮಗುವಿನ ಗೊಂಬೆಯೂ ಇಲ್ಲ. ತೊಟ್ಟಿ ಖಾಲಿ. ಸುತ್ತಲಿನ ಗಂಡಸರು, ಹೆಂಗಸರು ದೊಂದಿ, ಮೇಣದಬತ್ತಿ ಹಿಡಿದು ಕತ್ತಲಲ್ಲಿ ಗುಡ್ಡ ಹತ್ತಿ ಬರುತ್ತಾರೆ. ಆ ತೊಟ್ಟಿಯ ಮೇಲೆಯೇ ಬಲಿಪೂಜೆ ನಡೆಯುತ್ತದೆ. ಫ್ರಾನ್ಸಿಸರು ಶುಭಸಂದೇಶವನ್ನು, ಅಂದರೆ ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಭಾಗವನ್ನು, ಹಾಡಿ, ಪ್ರವಚನ ಮಾಡುತ್ತಾರೆ. ಅಲ್ಲಿದ್ದ ಒಬ್ಬನಿಗೆ ಮಾತ್ರ ತೊಟ್ಟಿಯಲ್ಲಿ ಮಗುವೊಂದು ಜೀವವಿಲ್ಲದಂತೆ ಮಲಗಿರುವುದೂ ಸಂತರು ಹತ್ತಿರ ಹೋಗಿ ಅದನ್ನು ನಿದ್ದೆಯಿಂದೆಂಬಂತೆ ಎಬ್ಬಿಸುವುದೂ ಕಾಣುತ್ತದೆ. ಜನರ ಎದೆಯಲ್ಲಿ ಮರೆತುಹೋಗಿದ್ದ ಮಗುವನ್ನು ಅವರು ಎಬ್ಬಿಸಿದರು ಎಂದು ಥಾಮಸ್ ಆ ದರ್ಶನವನ್ನು ಅರ್ಥೈಸುತ್ತಾರೆ.

ಅಂದರೆ ನಾವು ಸಂಪ್ರದಾಯದ ಮೂಲವೆಂದು ಹೇಳಿಕೊಳ್ಳುವ ಗೋದಲಿಯೇ ಖಾಲಿ ಗೋದಲಿ. ಅದು ಕಟ್ಟಿದ್ದು ಕಣ್ಣಿಗೆ ಹಿತವಾಗಲೆಂದಲ್ಲ, ಕಷ್ಟವನ್ನು ಹತ್ತಿರದಿಂದ ನೋಡಲೆಂದು. ಡೆಡಮಿನ ಖಾಲಿ ಜಾಗಕ್ಕೂ ಗ್ರೆಚ್ಚೊದ ಖಾಲಿ ತೊಟ್ಟಿಗೂ ಇರುವ ಅಂತರ ನನಗೆ ಕಾಣದೆ ಇಲ್ಲ. ಅಲ್ಲಿ ಖಾಲಿತನ ಕಾಯುತ್ತಿತ್ತು, ಇಲ್ಲಿ ಅದು ದೂರುತ್ತಿದೆ. ಆದರೆ ‘ಹೀಗೆ ಯಾವತ್ತೂ ಇರಲಿಲ್ಲ’ ಎಂಬ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ.

ಇನ್ನೂ ಹಿಂದಕ್ಕೆ, ಶುಭಸಂದೇಶಗಳಿಗೇ ಹೋದರೆ ನಾವು ‘ಮೂಲ’ ಎಂದುಕೊಂಡದ್ದರಲ್ಲಿ ಎಷ್ಟೋ ಅಲ್ಲಿಲ್ಲ. ಲೂಕ ಹೇಳುವುದು ಮೇವಿನ ತೊಟ್ಟಿಯೊಂದನ್ನು, ದನದ ಕೊಟ್ಟಿಗೆಯನ್ನಲ್ಲ. ಎತ್ತು ಕತ್ತೆಗಳು ಕ್ರಿಸ್ತಜನನದ ವೃತ್ತಾಂತದಲ್ಲಿಲ್ಲ, ಯೆಶಾಯ ಪ್ರವಾದಿಯ ಗ್ರಂಥದ ಆರಂಭದ ಒಂದು ವಾಕ್ಯದಿಂದ ಅವು ಇಲ್ಲಿಗೆ ನಡೆದು ಬಂದವು. ಮತ್ತಾಯನು ಜ್ಞಾನಿಗಳು ಮೂವರೆಂದು ಎಣಿಸುವುದಿಲ್ಲ, ರಾಜರೆಂದೂ ಕರೆಯುವುದಿಲ್ಲ. ಆದರೆ ಮತ್ತಾಯ ಹೇಳುವ ಇನ್ನೊಂದು ಸಂಗತಿಯನ್ನು ನಾವು ಗೋದಲಿಯಲ್ಲಿ ಇಡುವುದೇ ಇಲ್ಲ. ಜ್ಞಾನಿಗಳು ಹಿಂದಿರುಗಿದ ಮೇಲೆ ಜೋಸೆಫರು ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಎಬ್ಬಿಸಿಕೊಂಡು ಈಜಿಪ್ಟಿಗೆ ಓಡುತ್ತಾರೆ. ಹೆರೋದ ರಾಜನ ಸೈನಿಕರು ಬೆತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಕೂಸುಗಳನ್ನೆಲ್ಲ ಕೊಲ್ಲುತ್ತಾರೆ. ಚರ್ಚು ಆ ಕೂಸುಗಳನ್ನು ಸ್ಮರಿಸುವುದು ಡಿಸೆಂಬರ್ 28ರಂದು, ಅಂದರೆ ಹಬ್ಬ ಕಳೆದ ಮೂರನೆಯ ದಿನವೇ, ಗೋದಲಿಯ ದೀಪಗಳು ಇನ್ನೂ ಉರಿಯುತ್ತಿರುವಾಗ. ಪಂಚಾಂಗ ಮರೆಯದ್ದನ್ನು ನಮ್ಮ ಗುಡಿಸಲು ಮರೆತಿದೆ.

ಊರನ್ನೇ ಒಳಗೆ ಕರೆದುಕೊಳ್ಳುವುದು

ನಮ್ಮ ಮನೆಯ ಗೋದಲಿಗೆ ಅಮ್ಮ ಡಿಸೆಂಬರ್ ಎರಡನೆಯ ವಾರದಲ್ಲೇ ತೆಂಗಿನ ಚಿಪ್ಪುಗಳಲ್ಲಿ ರಾಗಿ, ಭತ್ತ ಬಿತ್ತಿ ಇಡುತ್ತಿದ್ದಳು. ಹಬ್ಬಕ್ಕೆ ಸರಿಯಾಗಿ ಅದು ಬೆರಳುದ್ದ ಹಸಿರು ಗದ್ದೆಯಾಗುತ್ತಿತ್ತು. ಬಾವಿಕಟ್ಟೆಯ ಬದಿಯಿಂದ ಕೆತ್ತಿ ತಂದ ಪಾಚಿ, ಹೊಳೆಯ ಮರಳು, ಕನ್ನಡಿ ಚೂರಿನ ಕೆರೆ, ಬಿದಿರು ಕಡ್ಡಿಯ ಸಂಕ. ಹೆಂಚಿನ ಮನೆಗಳನ್ನು ರಟ್ಟಿನಲ್ಲಿ ಅಣ್ಣ ಮಾಡುತ್ತಿದ್ದ. ಗೋದಲಿಯ ಹಿಂದಿನ ಗುಡ್ಡದ ಮೇಲೆ ಬಜ್ಪೆಗೆ ಇಳಿಯುವ ವಿಮಾನ, ಕೆಳಗೆ ಬಸ್ಸು, ದಾರಿಯಲ್ಲಿ ಮೀನು ಬುಟ್ಟಿ ಹೊತ್ತ ಹೆಂಗಸು. ನಮಗೆ ಬೆತ್ಲೆಹೇಮ್ ಕರಾವಳಿಯಲ್ಲೇ ಇತ್ತು. ಅದನ್ನು ಯಾರೂ ಸಂಪ್ರದಾಯಕ್ಕೆ ಅಪಚಾರ ಎಂದು ಕಾಣಲಿಲ್ಲ. ಯಾಕೆಂದರೆ ಗೋದಲಿಯ ಸಂಪ್ರದಾಯ ಎಂದರೆ ಅದೇ. ದೂರದ ಊರಿನಲ್ಲಿ ನಡೆದದ್ದನ್ನು ನಮ್ಮ ಊರಿಗೆ ಕರೆದುಕೊಂಡು ಬರುವುದು. ನವರಾತ್ರಿಯ ಗೊಂಬೆಗಳ ಸಾಲಿನಲ್ಲಿ ರಾಮನ ಪಟ್ಟಾಭಿಷೇಕದ ಕೆಳಗೆ ಚಂದ್ರಯಾನವನ್ನು ಕೂರಿಸುವ ಮೈಸೂರು ಕಡೆಯ ಮನೆಗಳ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನೇಪಲ್ಸಿನಲ್ಲಿ ಹದಿನೆಂಟನೆಯ ಶತಮಾನದ ಗೋದಲಿಗಳು ಇದನ್ನು ಎತ್ತರಕ್ಕೆ ಒಯ್ದವು. ಅಲ್ಲಿ ಪವಿತ್ರ ಕುಟುಂಬವನ್ನು ಕಣ್ಣಿಟ್ಟು ಹುಡುಕಬೇಕು. ಮಾಂಸದಂಗಡಿ, ಹೆಂಡದಂಗಡಿ, ತರಕಾರಿ ಮಾರುವವರು, ಭಿಕ್ಷುಕರು, ಜಗಳವಾಡುವವರು, ಇಡೀ ಊರು ಅಲ್ಲಿದೆ. ಸಾನ್ ಗ್ರೆಗೊರಿಯೊ ಅರ್ಮೆನೊ ಬೀದಿಯ ಕುಶಲಕರ್ಮಿಗಳು ಇಂದಿಗೂ ಫುಟ್‌ಬಾಲ್ ಆಟಗಾರರ, ರಾಜಕಾರಣಿಗಳ ಗೊಂಬೆಗಳನ್ನು ಗೋದಲಿಗೆಂದೇ ಮಾಡಿ ಮಾರುತ್ತಾರೆ. 2020ರಲ್ಲಿ ವ್ಯಾಟಿಕನ್ನಿನ ಸೇಂಟ್ ಪೀಟರ್ ಚೌಕದಲ್ಲಿಟ್ಟ ಕಾಸ್ತೆಲಿ ಊರಿನ ಸೆರಾಮಿಕ್ ಗೋದಲಿಯಲ್ಲಿ ಗಗನಯಾತ್ರಿಯೊಬ್ಬ ನಿಂತಿದ್ದ. ಬಹಳ ಜನ ಅದನ್ನು ಹೊಸಕಾಲದ ವಿಕಾರವೆಂದು ಜರೆದರು. ಆದರೆ ಆ ಗೊಂಬೆಗಳನ್ನು ಆ ಊರಿನ ಕಲಾಶಾಲೆಯ ವಿದ್ಯಾರ್ಥಿಗಳು, ಶಿಕ್ಷಕರು ಸೇರಿ ಮಾಡಿದ್ದು 1965ರಿಂದ 1975ರ ನಡುವೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಕಾಲ ಅದು. ಆ ಮಕ್ಕಳು ತಮ್ಮ ಕಾಲದ ದೊಡ್ಡ ಬೆರಗನ್ನು ಕೂಸಿನ ಮುಂದೆ ತಂದು ನಿಲ್ಲಿಸಿದ್ದರು. ಮೀನು ಬುಟ್ಟಿಯ ಹೆಂಗಸನ್ನು ನಾವು ನಿಲ್ಲಿಸಿದ ಹಾಗೆಯೇ.

ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ನಗರ ಪ್ರತಿ ವರ್ಷ ಇಡುತ್ತಿದ್ದ ಗೋದಲಿಯ ವಿರುದ್ಧದ ದಾವೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1984ರಲ್ಲಿ ನ್ಯಾಯಾಲಯ ಗೋದಲಿ ಇರಬಹುದು ಎಂದಿತು. ಸುತ್ತಲೂ ಸಾಂತಾಕ್ಲಾಸನ ಮನೆ, ಹಿಮಸಾರಂಗಗಳು, ಕ್ರಿಸ್‌ಮಸ್ ಮರ ಇರುವುದರಿಂದ ಅದು ಒಟ್ಟು ಹಬ್ಬದ ಅಲಂಕಾರದ ಭಾಗ ಎಂಬುದು ತೀರ್ಪಿನ ಮುಖ್ಯ ಕಾರಣಗಳಲ್ಲೊಂದು. 1989ರಲ್ಲಿ ಪಿಟ್ಸ್‌ಬರ್ಗಿನ ಜಿಲ್ಲಾ ನ್ಯಾಯಾಲಯದ ಮೆಟ್ಟಿಲ ಮೇಲೆ ಒಂಟಿಯಾಗಿ ಇಟ್ಟಿದ್ದ ಗೋದಲಿಯನ್ನು ಅದೇ ಸುಪ್ರೀಂ ಕೋರ್ಟು ಸಂವಿಧಾನಕ್ಕೆ ವಿರುದ್ಧ ಎಂದಿತು. ಇದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಸರ್ಕಾರ ಒಂದೇ ಧರ್ಮದ ಪರ ನಿಲ್ಲಬಾರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಾರ್ವಜನಿಕ ಜಾಗದಲ್ಲಿ ಗೋದಲಿಯನ್ನು ಉಳಿಸಿಕೊಳ್ಳಲು ಅದನ್ನು ಬರೀ ಅಲಂಕಾರ ಎಂದು ನಂಬಿಸಬೇಕಾಯಿತು, ಮತ್ತು ಅದನ್ನು ಗೆಲುವು ಎಂದು ಕೊಂಡಾಡಿದವರಲ್ಲಿ ಕ್ರೈಸ್ತರೇ ಹೆಚ್ಚು. ಪ್ಲಾಸ್ಟಿಕ್ ಹಿಮಸಾರಂಗ ಗೋದಲಿಯ ಪಕ್ಕದಲ್ಲಿ ನಿಂತಾಗ ಹುಟ್ಟದ ಸಿಟ್ಟು ಸರಳುಗಳ ಹಿಂದೆ ಕೂಸನ್ನು ಕಂಡಾಗ ಹುಟ್ಟುತ್ತದೆ. ಹಿಮಸಾರಂಗಕ್ಕಂತೂ ಶುಭಸಂದೇಶದಲ್ಲಿ ಯಾವ ಎಡೆಯೂ ಇಲ್ಲ. ಅಧಿಕಾರದಿಂದ ತಪ್ಪಿಸಿಕೊಂಡು ಓಡುವ ಮಗುವಿಗೆ ಅರ್ಧ ಅಧ್ಯಾಯವೇ ಇದೆ.

ಹೊರಗೆ ಬೋನು, ಒಳಗೆ ಕುಟುಂಬ

2018ರ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣ ಗಡಿಯಲ್ಲಿ ಸಾವಿರಾರು ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇಡಲಾಯಿತು. ಜಾಲರಿಯ ಆವರಣಗಳೊಳಗೆ ಬೆಳ್ಳಿ ಬಣ್ಣದ ತೆಳು ಹಾಳೆ ಹೊದ್ದು ಮಲಗಿದ ಮಕ್ಕಳ ಚಿತ್ರಗಳನ್ನು ನಾವೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಆ ಜುಲೈಯಲ್ಲೇ ಇಂಡಿಯಾನಾಪೊಲಿಸ್ ನಗರದ ಕ್ರೈಸ್ಟ್ ಚರ್ಚ್ ಕೆಥೆಡ್ರಲ್ ತನ್ನ ಅಂಗಳದಲ್ಲಿ ಪವಿತ್ರ ಕುಟುಂಬವನ್ನು ಬೋನಿನೊಳಗೆ ನಿಲ್ಲಿಸಿತು, ಕ್ರಿಸ್‌ಮಸ್‌ಗಾಗಿ ಕಾಯದೆ. ಮರುವರ್ಷ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಯುನೈಟೆಡ್ ಮೆಥಡಿಸ್ಟ್ ಚರ್ಚು ಮರಿಯಮ್ಮ, ಜೋಸೆಫ್, ಕೂಸು ಮೂವರನ್ನೂ ಮೂರು ಬೇರೆ ಬೇರೆ ಬೋನುಗಳಲ್ಲಿ ಇಟ್ಟಿತು. ಮೇಲೆ ಮುಳ್ಳುತಂತಿ. ಕೂಸಿಗೆ ಅದೇ ಬೆಳ್ಳಿ ಹಾಳೆಯ ಹೊದಿಕೆ. ಅಲ್ಲಿನ ಧರ್ಮಗುರು ಕ್ಯಾರೆನ್ ಕ್ಲಾರ್ಕ್ ರಿಸ್ಟೀನ್ ಕೇಳಿದ ಪ್ರಶ್ನೆ ನೇರವಾಗಿತ್ತು. ಇಂದು ಈ ಕುಟುಂಬ ನಮ್ಮ ಗಡಿಗೆ ಬಂದು ಆಶ್ರಯ ಕೇಳಿದ್ದರೆ ಏನಾಗುತ್ತಿತ್ತು?

ಆ ಚರ್ಚಿಗೆ ಇದು ಹೊಸದಲ್ಲ. 2011ರಲ್ಲಿ ಅಲ್ಲಿ ನಕ್ಷತ್ರದ ಕೆಳಗೆ ನಿಂತ ಸಲಿಂಗಿ ಜೋಡಿಗಳ ನೆರಳುಚಿತ್ರಗಳಿದ್ದವು, ಅವನ್ನು ಯಾರೋ ಕೆಡವಿ ಹಾಕಿದ್ದರು. 2013ರಲ್ಲಿ ಕಲಾವಿದ ಜಾನ್ ಜಕಾರಿ ಗುಂಡೇಟಿನಿಂದ ಸತ್ತ ಹದಿನೇಳರ ಕರಿಯ ಹುಡುಗ ಟ್ರೇವನ್ ಮಾರ್ಟಿನ್ ರಕ್ತ ಸುರಿಸುತ್ತ ಕುಳಿತ ಗೋದಲಿಯನ್ನು ಮಾಡಿದ್ದರು. ಇವುಗಳಲ್ಲಿ ಎಲ್ಲವೂ ನನ್ನನ್ನು ಒಂದೇ ರೀತಿ ತಟ್ಟುವುದಿಲ್ಲ. ಆದರೆ 2019ರದ್ದರ ಬಗ್ಗೆ ಹೆಚ್ಚಿನವರು ಗಮನಿಸದೆ ಬಿಟ್ಟ ಒಂದು ವಿವರ ನನಗೆ ಬಹಳ ಮುಖ್ಯ. ಹೊರಗೆ ಬೋನುಗಳಲ್ಲಿ ಅಗಲಿಸಿಟ್ಟ ಅದೇ ಕುಟುಂಬ ಚರ್ಚಿನ ಒಳಗೆ ಒಟ್ಟಿಗಿತ್ತು. ಒಳಗೆ ಹೋದವರಿಗೆ ತಾಯಿ, ತಂದೆ, ಕೂಸು ಮೂವರೂ ಒಂದೇ ಗೋದಲಿಯಲ್ಲಿ ಕಾಣುತ್ತಿದ್ದರು. ಡೆಡಮಿನಲ್ಲೂ ಹಾಗೆಯೇ. ದೊಡ್ಡ ಫಲಕದ ಜೊತೆಗೆ ಇನ್ನೊಂದು ಚಿಕ್ಕ ಬರಹವಿತ್ತು. ಪವಿತ್ರ ಕುಟುಂಬ ಚರ್ಚಿನ ಒಳಗೆ ಸುರಕ್ಷಿತವಾಗಿದೆ ಎಂದು ಅದು ಹೇಳುತ್ತಿತ್ತು.

ದೊಡ್ಡಪ್ಪನ ಆಕ್ಷೇಪಕ್ಕೆ ನನಗೆ ಸಿಕ್ಕ ಅತ್ಯಂತ ಗಟ್ಟಿಯಾದ ಉತ್ತರ ಇದು. ಇವರು ಮಗುವನ್ನು ಇಲ್ಲವಾಗಿಸಿಲ್ಲ, ಒಳಗೆ ಇಟ್ಟಿದ್ದಾರೆ. ಹೆಂಡತಿಯನ್ನು ಕಳೆದುಕೊಂಡು ಬಂದವನು ಮಂಡಿಯೂರಲು ಒಳಗೆ ಜಾಗವಿದೆ. ದಾರಿಯಲ್ಲಿ ಹೋಗುವವನು ತಡೆದು ನಿಲ್ಲಲು ಹೊರಗೆ ಜಾಗವಿದೆ. ಹೊರಗಿನದನ್ನು ಮಾತ್ರ ಕಟ್ಟಿ ಒಳಗಿನದನ್ನು ಕಟ್ಟದೆ ಬಿಟ್ಟಿದ್ದರೆ ನಾನು ದೊಡ್ಡಪ್ಪನ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದೆ. ಪ್ರಾರ್ಥನೆಗೆ ಬಂದ ಮನುಷ್ಯನ ಕೈಗೆ ಕರಪತ್ರವನ್ನಷ್ಟೇ ಕೊಟ್ಟು ಕಳುಹಿಸುವ ಹಕ್ಕು ಯಾವ ಚರ್ಚಿಗೂ ಇಲ್ಲ.

ಸೀರೆಯ ಜೋಲಿ

ನಾನು ಪಿಯುಸಿ ಓದುತ್ತಿದ್ದ ಕಾಲ. ನಮ್ಮ ಚರ್ಚಿನ ಎದುರು ರಸ್ತೆಯ ಆಚೆ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅದರ ಬುಡದಲ್ಲಿ ಗದಗ, ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದವರ ಶೆಡ್ಡುಗಳು, ನೀಲಿ ಟಾರ್ಪಾಲಿನ ಮಾಡು, ತಗಡಿನ ಗೋಡೆ. ಆ ವರ್ಷ ಯುವಕ ಸಂಘದವರು ಗೋದಲಿಯನ್ನು ಹಾಗೆಯೇ ಕಟ್ಟಲು ನಿರ್ಧರಿಸಿದರು. ಹುಲ್ಲಿನ ಮಾಡಿಗೆ ಬದಲು ಟಾರ್ಪಾಲು, ಮೂಲೆಯಲ್ಲಿ ಸಿಮೆಂಟಿನ ಖಾಲಿ ಚೀಲಗಳು, ಕಬ್ಬಿಣದ ಸರಳುಗಳ ಕಟ್ಟು, ಮೂರು ಕಲ್ಲಿನ ಒಲೆ. ಜೋಸೆಫರ ಕೈಯಲ್ಲಿ ಕರಣೆ. ಎರಡು ಕಂಬಗಳ ನಡುವೆ ಹಳೆಯ ಸೀರೆಯ ಜೋಲಿ ಕಟ್ಟಿ ಅದರಲ್ಲಿ ಬಾಲ ಯೇಸುವನ್ನು ಮಲಗಿಸಿದ್ದರು. ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರು ನೋಡಿ ಮುಖ ಗಂಟಿಕ್ಕಿದರು. ದೇವರ ಮಗನನ್ನು ಸಿಮೆಂಟಿನ ಧೂಳಿನಲ್ಲಿ ಮಲಗಿಸುವುದೇ ಎಂದು ಧರ್ಮಗುರುಗಳ ಬಳಿ ದೂರಿದರು. ಗುರುಗಳು ಇರಲಿ ಎಂದರು. ಹಬ್ಬದ ದಿನದವರೆಗೂ ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅದೇ ಚರ್ಚೆ.

ಕ್ರಿಸ್‌ಮಸ್‌ನ ಮರುದಿನ ಸಂಜೆ ಆಚೆಯ ಶೆಡ್ಡಿನಿಂದ ಒಬ್ಬ ಹೆಂಗಸು ಎರಡು ಮಕ್ಕಳನ್ನು ಕರೆದುಕೊಂಡು ನಕ್ಷತ್ರದ ದೀಪ ನೋಡಲು ಬಂದಳು. ನಾವು ಕೆಲವು ಹುಡುಗಿಯರು ಅಲ್ಲೇ ಹಬ್ಬದ ತಿಂಡಿ ಕುಸ್ವಾರ್ ಹಂಚುತ್ತಿದ್ದೆವು. ಅವಳು ಗೋದಲಿಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ನಾವು ಅವಳಿಗೆ ಸಂತೋಷವಾಗಬಹುದು, ಇಲ್ಲವೇ ಸಂಕಟವಾಗಬಹುದು ಎಂದು ಕಾಯುತ್ತಿದ್ದೆವು. ಅವಳು ಚಪ್ಪಲಿ ಬಿಟ್ಟು, ಹಗ್ಗ ದಾಟಿ ಒಳಗೆ ಹೋದಳು. ಜೋಲಿಯ ಗಂಟು ಬಿಚ್ಚಿ, ಮಗುವಿನ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು, ಸೀರೆಯನ್ನು ಇನ್ನೊಂದು ಮಡಿಕೆ ಮಡಿಸಿ ಎತ್ತರಕ್ಕೆ ಕಟ್ಟಿ, ಜಗ್ಗಿ ನೋಡಿ, ಮತ್ತೆ ಮಲಗಿಸಿದಳು. ಹಾಗೆ ಕಟ್ಟಿದರೆ ಕೂಸು ಮಗ್ಗುಲಾದಾಗ ಬೀಳುತ್ತದೆ, ಕೆಳಗಿದ್ದರೆ ನಾಯಿ ಬರುತ್ತದೆ ಎಂದು ನಮಗೆ ಹೇಳಿದಳು. ಈ ಕೂಸು ಯಾರದು ಎಂದು ಅವಳ ಮಗ ಕೇಳಿದ. ದೇವರದು ಎಂದಳು. ಕುಸ್ವಾರ್ ತೆಗೆದುಕೊಂಡು ಹೊರಟಳು.

ಗುರಿಕಾರರು ಅದನ್ನು ನೋಡಲಿಲ್ಲ, ನೋಡಿದ್ದರೂ ಮನಸ್ಸು ಬದಲಿಸುತ್ತಿದ್ದರೆಂದು ನಾನು ಹೇಳಲಾರೆ. ಮುಂದಿನ ವರ್ಷ ಹುಲ್ಲಿನ ಗುಡಿಸಲೇ ಮರಳಿ ಬಂತು. ಆದರೆ ಗೋದಲಿಗಳ ಬಗ್ಗೆ ಎಲ್ಲಿ ಜಗಳ ನಡೆದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಆ ಸಂಜೆಯಿಂದ ಬದಲಾಗಿದೆ. ಅದು ಹೊಸದೋ ಹಳೆಯದೋ ಎಂಬುದಲ್ಲ. ಯಾರ ಕಷ್ಟವನ್ನು ಅದರಲ್ಲಿ ತೋರಿಸಲಾಗಿದೆಯೋ ಅವರು ಅದರ ಹತ್ತಿರ ಬರಬಲ್ಲರೇ? ಬಂದರೆ ಒಳಗೆ ಕಾಲಿಡಬಲ್ಲರೇ? ಅವಳು ನಮ್ಮ ಗೋದಲಿಯ ತಪ್ಪನ್ನು ತಿದ್ದಿದಳು. ಅದನ್ನು ಕಟ್ಟುವಾಗ ನಮ್ಮಲ್ಲಿ ಯಾರೊಬ್ಬರೂ ರಸ್ತೆ ದಾಟಿ ಹೋಗಿ ಜೋಲಿ ಕಟ್ಟುವುದು ಹೇಗೆಂದು ಕೇಳಿರಲಿಲ್ಲ.

ಸೈನಿಕರಿಗೂ ಜಾಗವುಂಟೇ

ಡೆಡಮಿನ ಗೋದಲಿಯ ಸುದ್ದಿಯ ಜೊತೆಗೇ ಷಿಕಾಗೊ ಬಳಿಯ ಎವನ್‌ಸ್ಟನ್ನಿನ ಲೇಕ್ ಸ್ಟ್ರೀಟ್ ಚರ್ಚಿನ ಸುದ್ದಿಯೂ ಬಂತು. ಅಲ್ಲಿ ಬಾಲ ಯೇಸುವಿನ ಕೈಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದರು. ಮರಿಯಮ್ಮ, ಜೋಸೆಫರಿಗೆ ಅಶ್ರುವಾಯು ತಡೆಯುವ ಮುಖವಾಡ. ಹಿಂದೆ ನಿಂತ ರೋಮನ್ ಸೈನಿಕರ ಮೇಲೆ ಐಸ್ ಎಂದು ಬರೆದ ಅಂಗಿ. ಇದು ನನ್ನನ್ನು ಹೆಚ್ಚು ಕಾಡಿತು, ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಸೈನಿಕರನ್ನು ತಂದದ್ದು ತಪ್ಪೆಂದು ಹೇಳುವಂತಿಲ್ಲ, ಮತ್ತಾಯನೇ ಅವರನ್ನು ಬೆತ್ಲೆಹೇಮಿಗೆ ತಂದಿದ್ದಾನೆ. ಪೋಲೆಂಡಿನ ಕ್ರಾಕೊವಿನ ಗೊಂಬೆಯಾಟದ ಗೋದಲಿಗಳಲ್ಲಿ ಹೆರೋದ, ಸಾವು, ಸೈತಾನ ಮೂವರೂ ಪಾತ್ರಧಾರಿಗಳು.

ನನ್ನ ತೊಡಕು ಬೇರೆ. ಗೋದಲಿಯ ಸುತ್ತ ನಿಂತವರೆಲ್ಲ ಆ ಕೂಸಿನ ಕಡೆಗೆ ನಡೆದು ಬರುವವರು, ಕುರಿ ಕಾಯುವವನಿಂದ ಜ್ಞಾನಿಯವರೆಗೆ. ಅಲ್ಲಿಗೆ ಸೈನಿಕನನ್ನು ತಂದು, ಅವನು ಎಂದೂ ಮಂಡಿಯೂರಲಾರ ಎಂಬಂತೆ ನಿಲ್ಲಿಸಿದರೆ, ನಾವು ಅವನಿಗೆ ಬಾಗಿಲು ಮುಚ್ಚಿದ ಹಾಗೆ. ಆ ಸಂಸ್ಥೆಯಲ್ಲಿ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಭಾನುವಾರ ಬಲಿಪೂಜೆಗೆ ಹೋಗುವವರೇ ಇರಬಹುದು. ಅವರಲ್ಲಿ ಒಬ್ಬ ಆ ಚರ್ಚಿನ ಮುಂದೆ ಹಾದುಹೋದಾಗ ತನ್ನನ್ನು ಅಲ್ಲಿ ಕಾಣಬೇಕು ನಿಜ, ಬೆಚ್ಚಬೇಕು ನಿಜ. ಆದರೆ ಬೆಚ್ಚಿದ ಮೇಲೆ ಅವನು ಎಲ್ಲಿಗೆ ಹೋಗಬೇಕು? ಶಿಲುಬೆಯ ಬುಡದಲ್ಲಿ ನಿಂತ ರೋಮನ್ ಸೈನ್ಯದ ಶತಾಧಿಪತಿಯ ಬಾಯಿಂದಲೇ ‘ಇವನು ನಿಜವಾಗಿ ದೇವರ ಪುತ್ರ’ ಎಂಬ ಮಾತನ್ನು ಶುಭಸಂದೇಶ ಹೇಳಿಸುತ್ತದೆ. ಆ ದಾರಿಯನ್ನು ಗೋದಲಿ ಕಟ್ಟುವವರು ಮುಚ್ಚಬಾರದು. ಡೆಡಮಿನ ಖಾಲಿ ಜಾಗ ನನಗೆ ಎವನ್‌ಸ್ಟನ್ನಿನ ಪೂರ್ಣ ಚಿತ್ರಕ್ಕಿಂತ ಮೇಲೆನಿಸುವುದು ಈ ಕಾರಣಕ್ಕೆ. ಖಾಲಿ ಜಾಗದ ಮುಂದೆ ಯಾರು ಬೇಕಾದರೂ ನಿಲ್ಲಬಹುದು. ಎವನ್‌ಸ್ಟನ್ನಿನ ಗೋದಲಿ ಕಟ್ಟಿದವರ ನೋವು ಸುಳ್ಳೆಂದು ನಾನು ಒಂದು ಕ್ಷಣವೂ ಹೇಳುತ್ತಿಲ್ಲ. ತಮ್ಮ ಬೀದಿಯಲ್ಲೇ ಮುಸುಕು ಹಾಕಿದವರು ನೆರೆಯವರನ್ನು ಎಳೆದೊಯ್ದದ್ದನ್ನು ಕಂಡವರಿಗೆ ನನ್ನಷ್ಟು ನಿಧಾನವಾಗಿ ಯೋಚಿಸುವ ಪುರುಸೊತ್ತು ಇರಲಾರದು.

ಬೆತ್ಲೆಹೇಮಿನವರೇ ಕಟ್ಟಿದಾಗ

2023ರ ಡಿಸೆಂಬರಿನಲ್ಲಿ ಬೆತ್ಲೆಹೇಮಿನಲ್ಲೇ ಸಾರ್ವಜನಿಕ ಸಂಭ್ರಮ ಇರಲಿಲ್ಲ. ಗಾಜಾದಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿನ ಇವ್ಯಾಂಜೆಲಿಕಲ್ ಲೂಥರನ್ ಕ್ರಿಸ್‌ಮಸ್ ಚರ್ಚಿನಲ್ಲಿ ಧರ್ಮಗುರು ಮುಂತರ್ ಐಸಾಕ್ ಮತ್ತು ಸಭೆಯವರು ಒಡೆದ ಕಾಂಕ್ರೀಟಿನ ರಾಶಿ ಪೇರಿಸಿ, ಅದರ ನಡುವೆ ಪಾಲೆಸ್ತೀನಿನ ಕೆಫಿಯೆ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಇಟ್ಟರು. ಇಂದು ಕ್ರಿಸ್ತ ಹುಟ್ಟುವುದಾದರೆ ಅವಶೇಷಗಳ ಅಡಿಯಲ್ಲೇ ಹುಟ್ಟುತ್ತಾನೆ ಎಂದರು. ಅದು ಚರ್ಚಿನ ಒಳಗೇ ಇತ್ತು. ಅದನ್ನು ಸಂಪ್ರದಾಯಕ್ಕೆ ಹೊರತೆಂದು ಆ ಊರಿನವರಿಗೆ ಹೇಳುವ ಅಧಿಕಾರ ಯಾರಿಗಿದೆ? ಮರುವರ್ಷ ಬೆತ್ಲೆಹೇಮಿನ ಕಲಾವಿದರ ಕೈಯಿಂದ ಮೂಡಿದ ಗೋದಲಿಯನ್ನು ವ್ಯಾಟಿಕನ್ನಿನ ಆರನೆಯ ಪಾಲ್ ಸಭಾಂಗಣದಲ್ಲಿ ಇಟ್ಟಾಗ, ಗಾಲಿಕುರ್ಚಿಯಲ್ಲಿ ಕುಳಿತ ಪೋಪ್ ಫ್ರಾನ್ಸಿಸ್ ಕೆಫಿಯೆಯ ಮೇಲೆ ಮಲಗಿದ ಕೂಸಿನ ಮುಂದೆ ಪ್ರಾರ್ಥಿಸಿದರು. ಪ್ರತಿಭಟನೆಗಳು ಬಂದವು. ಕೆಲವೇ ದಿನಗಳಲ್ಲಿ ಕೂಸೂ ಬಟ್ಟೆಯೂ ಅಲ್ಲಿರಲಿಲ್ಲ. ಬಾಲ ಯೇಸುವನ್ನು ಡಿಸೆಂಬರ್ 24ರ ರಾತ್ರಿಯೇ ಇಡುವುದು ರೂಢಿ ಎಂಬ ಮಾತೂ ಕೇಳಿಬಂತು. ಆ ರೂಢಿ ನಿಜ, ನಮ್ಮ ಮನೆಯಲ್ಲೂ ಹಾಗೆಯೇ. ಆದರೂ ಆ ತೆಗೆದ ಕ್ರಮ ನನಗೆ ಸರಿಯೆನಿಸಿಲ್ಲ. ಇದೇ ಪೋಪರು 2019ರಲ್ಲಿ ಗ್ರೆಚ್ಚೊಗೇ ಹೋಗಿ ಸಹಿ ಹಾಕಿದ ಗೋದಲಿಯ ಬಗೆಗಿನ ಪತ್ರದಲ್ಲಿ, ಶುಭಸಂದೇಶದಲ್ಲಿ ಇಲ್ಲದ ಕಮ್ಮಾರ, ರೊಟ್ಟಿ ಸುಡುವವನು, ಭಿಕ್ಷುಕ ಇವರೆಲ್ಲ ಗೋದಲಿಯಲ್ಲಿರುವುದು ಸರಿಯೇ ಎಂದು ಅಕ್ಕರೆಯಿಂದ ಬರೆದಿದ್ದರು.

ಗ್ರೆಚ್ಚೊದ ವೃತ್ತಾಂತದಲ್ಲಿ ಇನ್ನೊಂದು ಮಾತಿದೆ, ಅದನ್ನು ನಾನು ಇತ್ತೀಚೆಗೆ ಹೆಚ್ಚು ನೆನೆಯುತ್ತೇನೆ. ಆ ರಾತ್ರಿ ತೊಟ್ಟಿಯಲ್ಲಿದ್ದ ಹುಲ್ಲನ್ನು ಜನ ಎಸೆಯಲಿಲ್ಲ, ಕಾಪಿಟ್ಟುಕೊಂಡರು. ಸುತ್ತಲಿನ ಊರುಗಳಲ್ಲಿ ರೋಗ ಬಿದ್ದ ದನಕರುಗಳಿಗೆ ಅದನ್ನು ತಿನ್ನಿಸಿದರು, ಅವು ಚೇತರಿಸಿಕೊಂಡವು. ಹೆರಿಗೆ ಕಷ್ಟವಾದ ಹೆಂಗಸರ ಮೈಮೇಲೆ ಆ ಹುಲ್ಲನ್ನಿಟ್ಟಾಗ ಸುಖವಾಗಿ ಹೆತ್ತರು ಎಂದು ಥಾಮಸ್ ಬರೆಯುತ್ತಾರೆ. ಹಬ್ಬ ಮುಗಿದ ಮೇಲೆ ಗೋದಲಿಯಿಂದ ಯಾರಿಗಾದರೂ ಏನಾದರೂ ಉಪಯೋಗವಾಯಿತೇ ಎಂಬ ಪ್ರಶ್ನೆ ಅಷ್ಟು ಹಳೆಯದು. ಡೆಡಮಿನ ಆ ಚಿಕ್ಕ ಬರಹ ಕುಟುಂಬ ಒಳಗೆ ಕ್ಷೇಮವಾಗಿದೆ ಎಂದಷ್ಟಕ್ಕೆ ನಿಲ್ಲಲಿಲ್ಲ. ಐಸ್ ಅಧಿಕಾರಿಗಳು ಕಂಡರೆ ವಲಸಿಗರ ನೆರವಿಗಿರುವ ಸ್ಥಳೀಯ ಜಾಲಕ್ಕೆ ಕರೆ ಮಾಡಿ ಎಂದೂ ಹೇಳುತ್ತಿತ್ತು. ಆ ಊರಿನಲ್ಲಿ ಬಾಗಿಲು ಬಡಿಯುವ ಸದ್ದಿಗೆ ನಡುಗುವ ತಾಯಿಯೊಬ್ಬಳಿದ್ದರೆ, ಹಬ್ಬದ ಆ ಇಡೀ ಪ್ರದರ್ಶನದಲ್ಲಿ ಅವಳ ಕೈಗೆ ಸಿಗುವಂಥದ್ದು ಅದೊಂದು ಸಾಲು. ಬಾಸ್ಟನ್ನಿನ ತಮ್ಮನಿಗೆ ಅದರದ್ದೂ ಒಂದು ಫೋಟೊ ತೆಗೆದು ಕಳುಹಿಸಲು ಹೇಳಿದೆ.